ದೋಣಿಯ ಬಾಲ ಹಿಡಿದ ಗುರುಪಾದಸ್ವಾಮಿ

ಚಾಮರಾಜನಗರದ ಸರ್ಕಾರಿ ಕಚೇರಿಯೊಂದರ ರೆಕಾರ್ಡು ರೂಮಿನಲ್ಲಿ ಗುರುಪಾದಸ್ವಾಮಿ ಎಂಬ ಗುಮಾಸ್ತನಿದ್ದ. ಕೈಗೆ ಬಂದ ಕಾಗದವನ್ನು ಬಿಟ್ಟುಕೊಟ್ಟು ಅವನಿಗೆ ಅಭ್ಯಾಸವಿರಲಿಲ್ಲ. ಯಾರಾದರೂ ಹಳೆಯ ಖಾತೆಯ ನಕಲು ಕೇಳಿಕೊಂಡು ಬಂದರೆ ಧೂಳು ಕೊಡವಿ ಹುಡುಕಿ ತೆಗೆದು, ಎರಡೂ ಕೈಯಲ್ಲಿ ಹಿಡಿದುಕೊಂಡು, ಮೇಲಿನವರ ಹುಕುಂ ಬರುವ ತನಕ ಹಿಡಿದೇ ನಿಂತಿರುತ್ತಿದ್ದ. ಈ ಗುಣದಿಂದ ರೈತರಿಗೆ ಎಷ್ಟು ಚಪ್ಪಲಿ ಸವೆಯಿತೆಂಬುದು ಬೇರೆ ಮಾತು. ಆದರೆ ಇದೇ ಗುಣದಿಂದ ಅವನು ತನ್ನ ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ಒಂದು ಕೆಲಸದಲ್ಲಿ ಆ ಸೀಮೆಗೇ ಸಾಟಿಯಿಲ್ಲದವನಾದ. ಆ ಕೆಲಸ ಯಾವುದೆಂದರೆ, ಎರಡು ಮೊಳ ಉದ್ದದ ಇಂಜಿನ್ ದೋಣಿಯೊಂದರ ಬಾಲ ಹಿಡಿದುಕೊಂಡು ಮೊಣಕಾಲುದ್ದ ನೀರಿನಲ್ಲಿ ಬಗ್ಗಿ ನಿಲ್ಲುವುದು.

ದೋಣಿ ನಂಜುಂಡಪ್ಪನವರದು. ರೈಲ್ವೆಯಲ್ಲಿ ಮೂವತ್ತೆರಡು ವರ್ಷ ಫಿಟ್ಟರ್ ಆಗಿದ್ದು ನಿವೃತ್ತರಾಗಿ, ಸ್ಟೇಷನ್ನಿನ ಹಿಂದೆ ಮನೆಮಾಡಿಕೊಂಡಿದ್ದ ಕಡಿಮೆ ಮಾತಿನ ಮುದುಕರು. ಹಳೆಯ ಇಂಗ್ಲಿಷ್ ಮ್ಯಾಗಜೀನೊಂದರಲ್ಲಿ ಇಂಥ ದೋಣಿಗಳ ಚಿತ್ರ ನೋಡಿದ್ದರು. ಕೊಳದ ನಡುವೆ ಒಂದು ಕಂಬ ನೆಟ್ಟು, ಕಂಬದಿಂದ ದೋಣಿಗೆ ತಂತಿ ಕಟ್ಟಿ ಬಿಟ್ಟರೆ, ಕಣದ ಮೇಟಿಗೆ ಕಟ್ಟಿದ ಎತ್ತಿನ ಹಾಗೆ ಅದು ಸುತ್ತು ಹೊಡೆಯುತ್ತದೆ. ಐದು ಸುತ್ತನ್ನು ಯಾರದು ಬೇಗ ಮುಗಿಸುತ್ತದೋ ಅವರು ಗೆದ್ದಂತೆ. ನಂಜುಂಡಪ್ಪನವರು ಬೂರುಗದ ಹಲಗೆಯಲ್ಲಿ ದೋಣಿ ಕೊರೆದರು. ಇಂಜಿನ್ನನ್ನು ಕೈಯಾರೆ ಅರ ಹಾಕಿ ಉಜ್ಜಿ ಉಜ್ಜಿ ನಾಲ್ಕು ವರ್ಷದಲ್ಲಿ ಮುಗಿಸಿದರು. ಹರಳೆಣ್ಣೆ, ಸೀಮೆಎಣ್ಣೆ, ಆಸ್ಪತ್ರೆಯ ಕಾಂಪೌಂಡರನನ್ನು ಕಾಡಿ ತಂದ ಈಥರ್, ಮೂರನ್ನೂ ಬೆರೆಸಿ ಬಟ್ಟೆಯಲ್ಲಿ ಸೋಸಿ ಕುಡಿಸಿದರೆ ಅದು ಕಾಡುಹಂದಿಯ ಹಾಗೆ ಅರಚಿಕೊಂಡು ಓಡುತ್ತಿತ್ತು.

ಭಾನುವಾರ ಭಾನುವಾರ ಊರ ಕೆರೆಯಲ್ಲಿ ಅದನ್ನು ಓಡಿಸುವುದಕ್ಕೆ ಇಬ್ಬರು ಬೇಕು. ಒಬ್ಬ ಇಂಜಿನ್ನಿನ ಚಕ್ರಕ್ಕೆ ದಾರ ಸುತ್ತಿ ಎಳೆಯಬೇಕು, ಇನ್ನೊಬ್ಬ ದೋಣಿ ಹಿಡಿದಿರಬೇಕು. ಹಿಡಿಯುವವನಿಗೆ ನಂಜುಂಡಪ್ಪನವರು ಮೂರು ಕಟ್ಟಳೆ ಹಾಕಿದ್ದರು. ಕೇಳದೆ ಮಾತಾಡಬಾರದು. ಹೇಳದೆ ಏನನ್ನೂ ಮುಟ್ಟಬಾರದು. 'ಬಿಡು' ಅಂದಾಗ ಬಿಡಬೇಕು, ತಳ್ಳಬಾರದು. ಮೊದಲು ಬಂದ ಸ್ಕೂಲು ಮೇಷ್ಟರು ಮೊದಲನೆಯ ಕಟ್ಟಳೆಯಲ್ಲೇ ಉರುಳಿಹೋದರು. ಆಮೇಲೆ ಬಂದ ಪೋಸ್ಟ್‌ಮನ್ ಒಳ್ಳೆಯವನೇ, ಆದರೆ ಏರಿಯ ಮೇಲೆ ಹೋಗುತ್ತಿದ್ದ ಯಾರೋ ಇನ್ಯಾರಿಗೋ "ಅವ್ನ ಮಾತು ಬುಡು" ಅಂದದ್ದು ಕೇಳಿ ದೋಣಿಯನ್ನು ಬಿಟ್ಟುಬಿಟ್ಟ. ಅದು ಹೋಗಿ ನೀರು ಕುಡಿಯುತ್ತಿದ್ದ ಎಮ್ಮೆಯ ಮೂತಿಗೆ ಬಡಿಯಿತು. ಮೂರನೆಯವನಾಗಿ ಬಂದ ಗುರುಪಾದಸ್ವಾಮಿ ಮೊದಲ ಭಾನುವಾರವೇ ಮುಕ್ಕಾಲು ಗಂಟೆ ಅಲ್ಲಾಡದೆ ಹಿಡಿದು ನಿಂತ. ಕಾಲಿಗೆ ಜಿಗಣೆ ಕಚ್ಚಿದ್ದನ್ನು ದಡಕ್ಕೆ ಬಂದ ಮೇಲೆ ಹೇಳಿದ. ನಂಜುಂಡಪ್ಪನವರು ಬರುವ ವಾರವೂ ಬರಬೇಕೆಂದು ಹೇಳಿದರು. ಅವರ ಬಾಯಲ್ಲಿ ಅದು ಬಿರುದು.

ಆದರೆ ಬಿರುದು ಪಡೆದವನಿಗೆ ಅದನ್ನು ಯಾರ ಮುಂದೆಯೂ ಹೇಳಿಕೊಳ್ಳಲಾಗದ ಸಂಕಟ. ಮೂವರು ಮಕ್ಕಳ ತಂದೆ, ಪಂಚೆ ಎತ್ತಿಕಟ್ಟಿ ಆಟದ ದೋಣಿ ಹಿಡಿದು ನಿಲ್ಲುತ್ತಾನೆಂದರೆ ಕೇಳಿದವರು ಏನಂದಾರು. ಹೆಂಡತಿ ಶಿವರುದ್ರಮ್ಮ ಭಾನುವಾರವೆಲ್ಲ ಎಲ್ಲಿ ಹೋಗಿರುತ್ತೀರಿ ಎಂದು ಕೇಳಿದಾಗ ಇಂಜಿನ್ ಕೆಲಸ ಎಂದು ಗಂಭೀರವಾಗಿ ಹೇಳಿದ್ದ. ಮೈಯೆಲ್ಲ ಹರಳೆಣ್ಣೆ ವಾಸನೆ ಹೊಡೆಯುತ್ತಿದ್ದುದರಿಂದ ಅವಳು ಅರ್ಧ ನಂಬಿದ್ದಳು.

ದಸರೆ ಮುಗಿದ ವಾರದಲ್ಲಿ ನಂಜುಂಡಪ್ಪನವರಿಗೆ ಊಟಿಯ ಕಡೆಯಿಂದ ಒಂದು ಕಾಗದ ಬಂತು. ಅಲ್ಲಿನ ಟೀ ಎಸ್ಟೇಟಿನ ದೊರೆಯೊಬ್ಬನಿಗೂ ಇದೇ ಹುಚ್ಚು. ರೈಲ್ವೆಯ ಮುದುಕರೊಬ್ಬರು ಇಂಜಿನ್ನನ್ನು ಸ್ವಂತ ಕೈಯಲ್ಲಿ ಮಾಡಿದ್ದಾರೆಂದು ಯಾರಿಂದಲೋ ಕೇಳಿದ್ದನಂತೆ. ಎಸ್ಟೇಟು ಮಾರಿದ್ದಾಗಿದೆ, ಮಾರ್ಚಿನಲ್ಲಿ ಶಾಶ್ವತವಾಗಿ ಇಂಗ್ಲೆಂಡಿಗೆ ಹೊರಟುಹೋಗುತ್ತೇನೆ, ಅದಕ್ಕೆ ಮುಂಚೆ ಒಂದು ಪಂದ್ಯವಾಗಲಿ, ನಡುದಾರಿಯ ಗುಂಡ್ಲುಪೇಟೆಯ ಕೆರೆಯಲ್ಲಿ ಸಂಕ್ರಾಂತಿ ಕಳೆದ ಭಾನುವಾರ ಸೇರೋಣ ಎಂದು ಬರೆದಿದ್ದ. ನಂಜುಂಡಪ್ಪನವರು ಕಾಗದವನ್ನು ನಾಲ್ಕು ಸಲ ಓದಿ ಕನ್ನಡಕದ ಪೆಟ್ಟಿಗೆಯಲ್ಲಿ ಮಡಿಸಿಟ್ಟುಕೊಂಡರು.

ಗುಂಡ್ಲುಪೇಟೆ ಗುರುಪಾದಸ್ವಾಮಿಯ ಮಾವನ ಊರು. ಅನಾಹುತ ಬಂದದ್ದು ಅಲ್ಲಿಂದ.

ಆ ಸಲದ ದೀಪಾವಳಿಗೆ ಮಾವ ಮರಿಮಲ್ಲಪ್ಪ ಇಬ್ಬರು ಅಳಿಯಂದಿರನ್ನೂ ಕರೆದಿದ್ದ. ಅರಿಸಿನದ ಹೊಲ, ಎರಡು ಜೊತೆ ಎತ್ತು, ದೊಡ್ಡ ರುಮಾಲು ಇದ್ದ ಕುಳ ಅವನು. ಚಿಕ್ಕ ಅಳಿಯ ಹಂಗಳದ ಗಂಗಾಧರಸ್ವಾಮಿ ಬಸ್ ಕಂಪನಿಯ ಏಜೆಂಟು. ಅವನು ಹೊಸದಾಗಿ ಕೊಂಡಿದ್ದ ಮೋಟಾರ್ ಸೈಕಲ್ ಏರಿ ಡಬಡಬ ಎಂದು ಬಂದಿಳಿದ. ಅದನ್ನು ಜಗಲಿಯ ಮುಂದೆ ನಿಲ್ಲಿಸಿ ಚೆಂಡುಹೂವಿನ ಹಾರ ಹಾಕಿದರು. ಗುರುಪಾದಸ್ವಾಮಿ ಬಸ್ಸಿನಿಂದಿಳಿದು ಕೈಚೀಲ ಹಿಡಿದು ಬಂದಾಗ ಆ ಹಾರದಲ್ಲಿ ಮಿಕ್ಕಿದ್ದ ಎರಡು ಹೂವೂ ಅವನ ಪಾಲಿಗಿರಲಿಲ್ಲ. ಊಟಕ್ಕೆ ಕೂತಾಗ ಒಬ್ಬಟ್ಟು ಮೊದಲು ಮೋಟಾರ್ ಸೈಕಲ್ಲಿನವನ ಎಲೆಗೆ ಹೋಯಿತು. ಗೇರು, ಬ್ರೇಕು, ಮೈಲಿಗೆ ಎಷ್ಟು ಪೆಟ್ರೋಲು ಎಂಬ ಮಾತೇ ನಡೆದು, ಕೊನೆಗೆ ಮಾವ ಮರ್ಯಾದೆಗೆಂಬಂತೆ ದೊಡ್ಡ ಅಳಿಯನ ಕಡೆ ತಿರುಗಿ ನಿಮ್ಮದೇನು ವರ್ತಮಾನ ಎಂದ.

"ಸಂಕ್ರಾಂತಿ ಕಳುದ್ ಭಾನುವಾರ ನಿಮ್ಮೂರ್ ಕೆರೇಲೇ ಬೋಟ್ ರೇಸ್ ಐತೆ ಮಾವ," ಎಂದ ಗುರುಪಾದಸ್ವಾಮಿ. "ಊಟಿಯಿಂದ ದೊರೆ ಬತ್ತಾನೆ, ನಮ್ ಮೇಲೆ ಪಂದ್ಯಕ್ಕೆ."

ಪಂಕ್ತಿಯ ತಲೆಗಳೆಲ್ಲ ಅವನ ಕಡೆ ತಿರುಗಿದವು. ಅದರಲ್ಲಿ ನೀವೂ ಇದ್ದೀರಾ ಎಂದು ಮಾವ ಕೇಳಿದ.

"ನಾನಿಲ್ದೆ ಬೋಟು ಒಂದಂಗುಲ ಅಲ್ಲಾಡಕಿಲ್ಲ."

ಈ ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲವೆಂಬುದನ್ನು ಓದುಗರು ಗಮನಿಸಬೇಕು. ಬೋಟಿನಲ್ಲಿ ಎಷ್ಟು ಜನ ಕೂರುತ್ತಾರೆ ಎಂದು ಗಂಗಾಧರಸ್ವಾಮಿ ಹುಬ್ಬು ಗಂಟಿಕ್ಕಿ ಕೇಳಿದ. ಜನ ಕೂರುವ ಬೋಟಲ್ಲ, ರೇಸಿನದು ಎಂದು ಗುರುಪಾದಸ್ವಾಮಿ ಹೇಳಿದ. ಒಬ್ಬನೇ ಕೂರುವಂಥದು, ಆ ಒಬ್ಬ ತಮ್ಮ ದೊಡ್ಡಳಿಯ ಎಂದು ಮನೆಯವರು ಅರ್ಥ ಮಾಡಿಕೊಂಡರು. ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ಅತ್ತೆ ದೊಡ್ಡಮಲ್ಲಮ್ಮ, ಅಳಿಯಂದಿರಿಗೆ ಈಜು ಬರುವುದಿಲ್ಲವಲ್ಲ ಎಂದು ಆತಂಕಪಟ್ಟಳು. ಈಜುವ ಪ್ರಮೇಯ ಬರುವುದಿಲ್ಲ ಅತ್ತೆ ಎಂದು ಅಳಿಯ ಸಮಾಧಾನ ಹೇಳಿದ. ಅದೂ ಸತ್ಯವೇ. ಎರಡನೆಯ ಸುತ್ತಿನ ಒಬ್ಬಟ್ಟು ಅವನ ಎಲೆಗೆ ಮೊದಲು ಬಂತು, ಮೇಲೆ ಒಂದು ಮಿಳ್ಳೆ ಜಾಸ್ತಿ ತುಪ್ಪ. ತುಪ್ಪ ಬಿದ್ದ ಮೇಲೆ ತಿದ್ದಿ ಹೇಳುವುದು ಹೇಗೆ.

ಅವನು ಊರಿಗೆ ಮರಳಿದ ಮೇಲೆ ಸುದ್ದಿ ಗುಂಡ್ಲುಪೇಟೆಯಲ್ಲಿ ತನ್ನ ಕಾಲ ಮೇಲೆ ತಾನೇ ಓಡಾಡತೊಡಗಿತು. ಮಾವ ಒಂದು ಕಾರ್ಡು ಬರೆಸಿದ. ಬೋಟು ಬಸ್ ಮೇಲೆ ಬರುತ್ತದೋ ಲಾರಿಯಲ್ಲೋ, ಕೆರೆಗೆ ಸಾಗಿಸಲು ಎರಡು ಜೊತೆ ಎತ್ತು ಸಾಕೋ ಹೇಗೆ. ಗಾಡಿ ಬೇಡ, ನಾವೇ ಕೈಯಲ್ಲಿ ತರುತ್ತೇವೆ ಎಂದು ಅಳಿಯ ಉತ್ತರಿಸಿದ. ಕಾರ್ಡನ್ನು ಜಗಲಿಯ ಮೇಲೆ ಗಟ್ಟಿಯಾಗಿ ಓದಿಸಿದಾಗ, ಬೋಟನ್ನು ಕೈಯಲ್ಲೇ ಹೊತ್ತು ತರುವ ಅಳಿಯನ ತೋಳುಬಲಕ್ಕೆ ಜನ ಬೆರಗಾದರು. ವಿಷಯ ಅಮಲ್ದಾರರ ಕಿವಿಗೂ ಬಿದ್ದು, ಬೋಟು ತೇಲಲು ಎಷ್ಟು ಆಳ ನೀರು ಬೇಕಾದೀತೆಂದು ಅವರು ಮಾವನ ಮೂಲಕ ಕೇಳಿಸಿದರು. ಮೊಣಕಾಲುದ್ದ ಸಾಕು ಎಂದು ಅಳಿಯ ಬರೆದ. ಅಷ್ಟು ನೀರಿನಲ್ಲಿ ಬೋಟು ನಡೆಸಬೇಕಾದರೆ ಎಷ್ಟು ಪಳಗಿರಬೇಕು ಎಂದು ಅಮಲ್ದಾರರೇ ತಲೆದೂಗಿದರಂತೆ. ಪ್ರತಿ ಕಾರ್ಡಿನಲ್ಲೂ ಗುರುಪಾದಸ್ವಾಮಿ ಸತ್ಯವನ್ನೇ ಬರೆಯುತ್ತಿದ್ದ. ಅದು ಎರಡು ಮೊಳದ ದೋಣಿ ಎಂಬ ಒಂದು ಸಾಲು ಮಾತ್ರ ಪ್ರತಿ ಸಲವೂ ಜಾಗ ಸಾಲದೆ ಉಳಿದುಹೋಗುತ್ತಿತ್ತು.

ಶಿವರುದ್ರಮ್ಮ ಒಂದು ವಾರ ಮೊದಲೇ ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಹೋದಳು. ತನ್ನ ಗಂಡನ ವಿಚಾರ ತವರಿನವರು ಇಷ್ಟು ಮಾತಾಡಿದ್ದು ಮದುವೆಯಾದ ಮೇಲೆ ಅದೇ ಮೊದಲು. ಹೋಗುವಾಗ ಅವಳ ಮುಖದಲ್ಲಿದ್ದ ಕಳೆ ನೋಡಿ ಗುರುಪಾದಸ್ವಾಮಿ ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ.

ಪಂದ್ಯದ ದಿನ ಬೆಳಿಗ್ಗೆ ನಂಜುಂಡಪ್ಪನವರೂ ಅವನೂ ಮೊದಲ ಬಸ್ಸು ಹತ್ತಿದರು. ದೋಣಿ ಮರದ ಪೆಟ್ಟಿಗೆಯಲ್ಲಿ, ಪೆಟ್ಟಿಗೆ ಕಂಬಳಿಯಲ್ಲಿ, ಕಂಬಳಿ ಗುರುಪಾದಸ್ವಾಮಿಯ ತೊಡೆಯ ಮೇಲೆ. ತೆರಕಣಾಂಬಿ ದಾಟುವಾಗ ರಸ್ತೆಯ ಹಳ್ಳಗಳಲ್ಲಿ ಬಸ್ಸು ಕುಣಿದರೂ ಪೆಟ್ಟಿಗೆ ಕುಣಿಯದ ಹಾಗೆ ಅವನು ತಾನೇ ಬುಗ್ಗೆಯಾಗಿ ಕೂತಿದ್ದ. ನಂಜುಂಡಪ್ಪನವರು ಇಸ್ತ್ರಿ ಮಾಡಿದ ಹಳೆಯ ರೈಲ್ವೆ ಕೋಟು ತೊಟ್ಟಿದ್ದರು. ದಾರಿಯಲ್ಲಿ ಒಂದೇ ಸಲ ಮಾತಾಡಿದರು. ನಿಮ್ಮ ಕೈ ಇದ್ದರೆ ನನಗೆ ಧೈರ್ಯ ಎಂದರು. ಅಷ್ಟು ಉದ್ದದ ಮಾತು ಅವರಿಂದ ಬಂದದ್ದು ಕೇಳಿ ಗುರುಪಾದಸ್ವಾಮಿ ಪೆಟ್ಟಿಗೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ.

ಗುಂಡ್ಲುಪೇಟೆ ಬಸ್ ಸ್ಟಾಂಡಿನಲ್ಲಿ ವಾಲಗದವರು ಕಾಯುತ್ತಿದ್ದರು. ಬೇಡವೆಂದರೂ ಎರಡು ಎತ್ತಿನ ಗಾಡಿ ಬಂದಿದ್ದವು. ನಡುವೆ ರುಮಾಲು ಸುತ್ತಿದ ಮರಿಮಲ್ಲಪ್ಪ, ಪಕ್ಕದಲ್ಲಿ ಮೋಟಾರ್ ಸೈಕಲ್ಲಿಗೆ ಒರಗಿ ನಿಂತ ಗಂಗಾಧರಸ್ವಾಮಿ, ಹಿಂದೆ ಅರ್ಧ ಊರು. ಮಾವ ಅಳಿಯನ ಕೊರಳಿಗೆ ಹಾರ ಹಾಕಿ, ಬಸ್ಸಿನ ತಲೆಯ ಮೇಲೆ ಕಣ್ಣಾಡಿಸಿ, ಬೋಟೆಲ್ಲಿ ಎಂದ. ತೋಳಿನಲ್ಲಿದ್ದ ಕಂಬಳಿ ಗಂಟನ್ನು ಪಕ್ಕಕ್ಕೆ ಸರಿಸಿಕೊಂಡು, ಹಿಂದೆ ಬರ್ತಾ ಇದೆ ಎಂದುಬಿಟ್ಟ ಅಳಿಯ. ಅಷ್ಟರಲ್ಲಿ ನಂಜುಂಡಪ್ಪನವರು ಎಣ್ಣೆಯ ಸೀಸೆಗಳ ಚೀಲ ಹಿಡಿದು ಬಸ್ಸಿನ ಮೆಟ್ಟಿಲಿಳಿಯುತ್ತಿದ್ದರು. ಈ ಮುದುಕರು ಯಾರು ಎಂದು ಗಂಗಾಧರಸ್ವಾಮಿ ಕೇಳಿದ.

ವಾಲಗ ನಿಂತಿತ್ತು. ಎಲ್ಲರೂ ನೋಡುತ್ತಿದ್ದರು. ಗುರುಪಾದಸ್ವಾಮಿಯ ಬಾಯಿಂದ ಎರಡನೆಯ ಸುಳ್ಳು ಬಿತ್ತು, ಮೊದಲಿನದಕ್ಕಿಂತ ದೊಡ್ಡದು.

"ಅವ್ನಾ, ನಮ್ಮ ಮೇಸ್ತ್ರಿ. ಬೋಟ್ ಹಿಡ್ಕಳಕ್ಕೆ ಬಂದವ್ನೆ."

ಮೆಟ್ಟಿಲ ಮೇಲಿದ್ದ ಕಾಲು ಒಂದು ಗಳಿಗೆ ಅಲ್ಲೇ ನಿಂತಿತು. ಆಮೇಲೆ ನಂಜುಂಡಪ್ಪನವರು ಕೆಳಗಿಳಿದರು. ಹೆಗಲ ಮೇಲಿದ್ದ ಟವೆಲ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಗುರುಪಾದಸ್ವಾಮಿಗಿಂತ ಎರಡು ಹೆಜ್ಜೆ ಹಿಂದೆ ನಡೆಯತೊಡಗಿದರು. ಇಪ್ಪತ್ತು ವರ್ಷ ಹಿರಿಯರನ್ನು ಏಕವಚನದಲ್ಲಿ ಕರೆದ ನಾಲಗೆ ಆ ಕ್ಷಣವೇ ಒಣಗಿತು. ಆದರೆ ವಾಲಗ ಮತ್ತೆ ಶುರುವಾಗಿತ್ತು, ಮೆರವಣಿಗೆ ಹೊರಟಿತ್ತು.

ಕೆರೆಯ ದಡದಲ್ಲಿ ದೊರೆ ಆಗಲೇ ಕಂಬ ನೆಡಿಸಿ, ಟೋಪಿ ಹಾಕಿಕೊಂಡು ಮಡಿಸುವ ಕುರ್ಚಿಯ ಮೇಲೆ ಕೂತಿದ್ದ. ಅಮಲ್ದಾರರಿಗೆ ಬೇರೊಂದು ಕುರ್ಚಿ. ಏರಿಯುದ್ದಕ್ಕೂ ಜನ. ದೊರೆಯ ಪೆಟ್ಟಿಗೆಯಿಂದ ಒಂದು ನೀಲಿ ದೋಣಿ ಹೊರಗೆ ಬಂತು, ಕಂಬಳಿಯೊಳಗಿನಿಂದ ನಂಜುಂಡಪ್ಪನವರದು ಹೊರಗೆ ಬಂತು. ಏರಿಯ ಮೇಲಿನ ಗದ್ದಲ ನಿಧಾನವಾಗಿ ಇಳಿಯಿತು. ಇದು ಮಾದರಿ ಇರಬೇಕು, ದೊಡ್ಡದು ಹಿಂದೆ ಬರುತ್ತಿದೆ ಎಂದು ಕೆಲವರು ಇನ್ನೂ ರಸ್ತೆಯ ಕಡೆ ನೋಡುತ್ತಿದ್ದರು.

ಅಷ್ಟರಲ್ಲಿ ದೊಡ್ಡಮಲ್ಲಮ್ಮ ಜನರನ್ನು ಸೀಳಿಕೊಂಡು ಬಂದಳು. ಅಳಿಯ ಕ್ಷೇಮವಾಗಿ ದಡ ಸೇರಲೆಂದು ಮಾದಪ್ಪನಿಗೆ ಹರಕೆ ಹೊತ್ತು ಬೆಳಗಿನಿಂದ ಉಪವಾಸವಿದ್ದಳು. ಕೈಯಲ್ಲಿ ಹಗ್ಗಕ್ಕೆ ಪೋಣಿಸಿದ ಎರಡು ಒಣ ಸೋರೆಬುರುಡೆ, ಈಜು ಕಲಿಯುವವರು ಮುಳುಗದಂತೆ ಸೊಂಟಕ್ಕೆ ಕಟ್ಟಿಕೊಳ್ಳುವಂಥವು. ಅಳಿಯ ಬೇಡ ಬೇಡವೆನ್ನುತ್ತಿದ್ದ ಹಾಗೇ ಕಟ್ಟಿಯೂ ಬಿಟ್ಟಳು, ಹಣೆಗೆ ವಿಭೂತಿಯನ್ನೂ ಬಳಿದಳು. ಆಮೇಲೆ ದೋಣಿಯನ್ನು ನೋಡಿ ನಿಜವಾದ ಕಳವಳದಿಂದ ಕೇಳಿದಳು.

"ಇದ್ರೊಳಕ್ಕೆ ಹೆಂಗ್ ಕೂತ್ಕತೀರಿ ಅಳಿಮಯ್ಯ?"

ಗಂಗಾಧರಸ್ವಾಮಿ ಮೋಟಾರ್ ಸೈಕಲ್ ಬಿಟ್ಟು ಬಂದು ನಗತೊಡಗಿದ್ದ. ಶಿವರುದ್ರಮ್ಮ ತಲೆಯ ಮೇಲಿನ ಸೆರಗನ್ನು ಮುಖದ ತನಕ ಎಳೆದುಕೊಂಡಳು. ಆಗ ಮರಿಮಲ್ಲಪ್ಪ, ಊರಲ್ಲಿ ಮಾನವಂತನಾಗಿ ಬಾಳಿದವನು, ಮುಳುಗುವವನು ಹುಲ್ಲುಕಡ್ಡಿ ಹಿಡಿದ ಹಾಗೆ ಒಂದು ಪ್ರಶ್ನೆ ಕೇಳಿದ. ಈ ಇಂಜಿನ್ ಯಾರು ಮಾಡಿದ್ದು ಎಂದ. ನಾನೇ ಮಾಡಿದ್ದು ಎಂದು ಗುರುಪಾದಸ್ವಾಮಿ ಹೇಳಿದ. ಮಾವನ ಮುಖಕ್ಕೆ ರಕ್ತ ಮರಳಿತು. ಅವನು ಜನರ ಕಡೆ ತಿರುಗಿ, ನಮ್ಮ ಅಳಿಯಂದಿರು ಕೈಯಲ್ಲೇ ಮಿಷಿನ್ನು ಮಾಡಿದ್ದಾರೆ ನೋಡ್ರಪ್ಪ, ಮೋಟಾರ್ ಸೈಕಲ್ಲನ್ನು ಯಾರು ಬೇಕಾದರೂ ಕೊಳ್ಳಬಹುದು ಎಂದ. ಅಮಲ್ದಾರರು ಭಲೆ ಎಂದರು. ಪಕ್ಕದಲ್ಲೇ ನಂಜುಂಡಪ್ಪನವರು ಕೂತು ಎಣ್ಣೆ ಸೋಸುತ್ತಿದ್ದರು. ಒಂದು ಹನಿಯೂ ಹೊರಗೆ ಚೆಲ್ಲಲಿಲ್ಲ.

ದೊರೆಯ ದೋಣಿ ಮೊದಲು ಓಡಿತು. ಐದು ಸುತ್ತಿಗೆ ನಲವತ್ತೊಂದು ಸೆಕೆಂಡು. ಆಮೇಲೆ ಇವರ ಸರದಿ. ದೊರೆ ನಿಯಮ ಹೇಳಿದ. ಸೀಟಿ ಊದಿದ ಮೇಲೆ ಐದು ನಿಮಿಷ. ಅಷ್ಟರೊಳಗೆ ಇಂಜಿನ್ ಹತ್ತಿಕೊಳ್ಳದಿದ್ದರೆ ಅವಕಾಶ ಹೋದಂತೆ.

ನೀರಿಗಿಳಿಯುವ ಹೊತ್ತಿಗೆ ಗುರುಪಾದಸ್ವಾಮಿ ಅಭ್ಯಾಸದಂತೆ ದೋಣಿಯ ಬಾಲಕ್ಕೆ ಕೈ ಚಾಚಿದ. ಅಲ್ಲಿ ಆಗಲೇ ಎರಡು ಕೈಗಳಿದ್ದವು. ನಂಜುಂಡಪ್ಪನವರು ಕೋಟು ಕಳಚಿಟ್ಟು, ಪಂಚೆ ಎತ್ತಿಕಟ್ಟಿ, ಬಗ್ಗಿ ನಿಂತು ಬಾಲ ಹಿಡಿದಿದ್ದರು. ತಲೆ ಎತ್ತದೆ ಎಲ್ಲರಿಗೂ ಕೇಳುವಂತೆ ಹೇಳಿದರು.

"ನಾನ್ ಹಿಡ್ಕಂಡಿವ್ನಿ ಸ್ವಾಮಿ. ತಾವು ಶುರು ಮಾಡಿ."

ದೊರೆ ಸೀಟಿ ಊದಿದ.

ಗುರುಪಾದಸ್ವಾಮಿ ಒಂದೂವರೆ ವರ್ಷದಿಂದ ವಾರವಾರವೂ ದಾರ ಎಳೆಯುವುದನ್ನು ನೋಡಿದ್ದ. ನೋಡಿದ್ದು ನೋಡಿದ್ದೇ. ದಾರ ಸುತ್ತಿ ಎಳೆದ, ದಾರ ಬಿಚ್ಚಿಕೊಂಡು ಬಂದು ಅವನ ಮೂಗಿಗೆ ಹೊಡೆಯಿತು. ಏರಿಯ ಮೇಲೆ ಹೋ ಎಂದರು. ಮತ್ತೆ ಸುತ್ತಿ ಎಳೆದ. ಇಂಜಿನ್ ಒಂದು ಸಲ ಕೆಮ್ಮಿ ಸುಮ್ಮನಾಯಿತು. ಬಗ್ಗಿದಾಗಲೆಲ್ಲ ಸೊಂಟದ ಸೋರೆಬುರುಡೆಗಳು ಒಂದಕ್ಕೊಂದು ತಾಕಿ ಟೊಕ್ಕೆನ್ನುತ್ತಿದ್ದವು. ಎಣ್ಣೆ ಜಾಸ್ತಿಯಾಗಿದೆಯೋ ಕಡಿಮೆಯೋ, ಮೇಲಿನ ತಿರುಪನ್ನು ಎಡಕ್ಕೆ ತಿರುಗಿಸಬೇಕೋ ಬಲಕ್ಕೋ ತಿಳಿಯಲಿಲ್ಲ. ಎರಡೂ ಕಡೆ ತಿರುಗಿಸಿದ. ಬೆರಳಿನ ಚರ್ಮ ಕಿತ್ತು ರಕ್ತ ಬಂತು. ಅದು ಕಾಣಿಸಿದ ಕೂಡಲೇ ನಂಜುಂಡಪ್ಪನವರು ಒಂದು ಕೈಯಲ್ಲಿ ದೋಣಿ ಅಲ್ಲಾಡದಂತೆ ಹಿಡಿದು, ಇನ್ನೊಂದು ಕೈಯಲ್ಲಿ ಟವೆಲ್ ಚಾಚಿದರು. ದಾರ ನೀರಿಗೆ ಬಿದ್ದಾಗ ಎತ್ತಿ ಹಿಂಡಿ ಕೊಟ್ಟರು. ಅವನು ಕೇಳುವ ಮೊದಲೇ ಬೇಕಾದದ್ದು ಅವನ ಕೈಯಲ್ಲಿರುತ್ತಿತ್ತು. ಬಾಲ ಹಿಡಿಯುವ ಕೆಲಸವನ್ನು ಅಷ್ಟು ಚೆನ್ನಾಗಿ ಯಾರೂ ಮಾಡಿರಲಾರರು. ಮಾತು ಮಾತ್ರ ಒಂದೂ ಇಲ್ಲ. ಕೇಳದೆ ಮಾತಾಡಬಾರದೆಂಬ ಕಟ್ಟಳೆ ಅವರದೇ ತಾನೆ.

ದೊರೆ ಎರಡು ನಿಮಿಷ ಉಳಿದಿದೆ ಎಂದು ಬೆರಳು ತೋರಿಸಿದ. ದಡದಲ್ಲಿ ಮಾವ, ಹಂಗಂಗೇ ಅಳಿಮಯ್ಯ, ಇನ್ನೇನು ಬಂತು ಎಂದು ಎತ್ತಿಗೆ ಹೇಳುವಂತೆ ಹುರಿದುಂಬಿಸುತ್ತಿದ್ದ. ಗುರುಪಾದಸ್ವಾಮಿ ತಲೆ ಎತ್ತಿ ನಂಜುಂಡಪ್ಪನವರ ಮುಖ ನೋಡಿದ. ಅಲ್ಲಿ ಕೋಪವಿದ್ದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಆದರೆ ಮುದುಕರು ಅವನನ್ನು ನೋಡುತ್ತಲೇ ಇರಲಿಲ್ಲ. ನಾಲ್ಕು ವರ್ಷ ಉಜ್ಜಿದ ಇಂಜಿನ್ನಿನ ತಿರುಪನ್ನು ನೋಡುತ್ತಿದ್ದರು, ಅದರ ತಲೆ ಸವೆದುಹೋಗುತ್ತದೇನೋ ಎನ್ನುವಂತೆ.

ಗುರುಪಾದಸ್ವಾಮಿ ದಾರ ಬಿಟ್ಟು ನೆಟ್ಟಗೆ ನಿಂತ. ದಡದ ಕಡೆ ತಿರುಗಿದ.

"ಮಾವ, ಇದು ನಂದಲ್ಲ. ಬೋಟು ಅವ್ರ್ದು, ಇಂಜಿನ್ನೂ ಅವ್ರ್ದೇ. ಅವ್ರೇ ಯಜಮಾನ್ರು. ನಾನು ಬಾಲ ಹಿಡ್ಕಳವ್ನು."

ಸೋರೆಬುರುಡೆ ಕಟ್ಟಿಕೊಂಡು, ಮೂಗು ಕೆಂಪಗಾಗಿ, ವಿಭೂತಿ ಬೆವರಿನಲ್ಲಿ ಇಳಿಯುತ್ತ ಈ ಮಾತು ಹೇಳಿದವನನ್ನು ಗುಂಡ್ಲುಪೇಟೆಯ ಜನ ನೋಡಿದರು. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಮರಿಮಲ್ಲಪ್ಪ ಮೆಲ್ಲಗೆ ಏರಿಯ ಕಲ್ಲಿನ ಮೇಲೆ ಕೂತ.

ಗುರುಪಾದಸ್ವಾಮಿ ಸುತ್ತಿ ಬಂದು ನಂಜುಂಡಪ್ಪನವರ ಕೈಗಳ ಪಕ್ಕದಲ್ಲಿ ತನ್ನ ಕೈಯಿಟ್ಟ. ಅವರು ಬಿಟ್ಟು ಮುಂದಕ್ಕೆ ಹೋದರು. ತಿರುಪು ಎಲ್ಲೆಲ್ಲೋ ಹೋಗಿತ್ತು. ಅದನ್ನು ಸ್ವಸ್ಥಾನಕ್ಕೆ ತರಲು ಅರ್ಧ ನಿಮಿಷ, ಒಳಗೆ ತುಂಬಿದ್ದ ಎಣ್ಣೆ ಬಸಿಯಲು ಮತ್ತರ್ಧ ನಿಮಿಷ. ದಾರ ಸುತ್ತಿದರು. ಎಳೆದರು. ಇಂಜಿನ್ ಕೆಮ್ಮಿತು. ಮತ್ತೆ ಸುತ್ತಿದರು. ದೊರೆ ಸೀಟಿಯನ್ನು ಬಾಯಿಗಿಟ್ಟುಕೊಂಡು ಗಡಿಯಾರ ನೋಡುತ್ತ ಒಲ್ಲದ ಮನಸ್ಸಿನಿಂದ ಊದಿದ. ಸೀಟಿಯ ದನಿ ಮುಗಿಯುವ ಮೊದಲೇ ಇಂಜಿನ್ ಅರಚಿತು.

ಅವಕಾಶ ಮುಗಿದಿತ್ತು. ಅದು ಇಬ್ಬರಿಗೂ ಗೊತ್ತಿತ್ತು. ಆದರೂ ನಂಜುಂಡಪ್ಪನವರು ಇಂಜಿನ್ನಿನ ಕಡೆ ಕಿವಿಯಿಟ್ಟು, ತಿರುಪನ್ನು ಕೂದಲೆಳೆಯಷ್ಟು ಸರಿಸಿ, ಕೈ ಎತ್ತಿ "ಬಿಡು" ಎಂದರು. ಗುರುಪಾದಸ್ವಾಮಿ ಬಿಟ್ಟ, ತಳ್ಳಲಿಲ್ಲ.

ಬೂರುಗದ ದೋಣಿ ಮೂತಿ ಎತ್ತಿ ನೀರಿನ ಮೇಲೆ ಚಿಮ್ಮಿತು. ಒಂದು, ಎರಡು ಸುತ್ತಿನ ಹೊತ್ತಿಗೆ ಅದು ನೀರಿಗೆ ತಾಕುತ್ತಿದೆಯೋ ಇಲ್ಲವೋ ಎನ್ನುವಂತಿತ್ತು. ದೊರೆ ಕುರ್ಚಿಯಿಂದೆದ್ದ. ಐದು ಸುತ್ತಾದ ಮೇಲೆ ಕೈಗಡಿಯಾರದ ಗುಂಡಿ ಒತ್ತಿ, ನೀರಿನ ಅಂಚಿಗೆ ಬಂದು, ನಂಜುಂಡಪ್ಪನವರಿಗೆ ಅದನ್ನು ತೋರಿಸಿದ. ಮೂವತ್ತೊಂಬತ್ತು. ಟೋಪಿ ತೆಗೆದು ತಲೆ ಬಾಗಿಸಿದ. ಆಮೇಲೆ ತನ್ನ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಸಮಯದ ಬದಲು ಒಂದು ಅಡ್ಡಗೆರೆ ಎಳೆದ, ನಿಯಮ ನಿಯಮವೇ. ಎಣ್ಣೆ ಮುಗಿದು ಕೆರೆಯ ನಡುವೆ ನಿಂತ ದೋಣಿಯನ್ನು ತರಲು ಗುರುಪಾದಸ್ವಾಮಿ ಎದೆಯುದ್ದ ನೀರಿಗೆ ಹೋದ. ಬುರುಡೆಗಳು ಅವನ ಕಂಕುಳ ತನಕ ತೇಲಿ ಬಂದವು. ಅವನಿಗೆ ಹಿಂದಿರುಗಿ ಬರುವುದೇ ಬೇಡವಾಗಿತ್ತು.

ದಡದಲ್ಲಿ ಅದಕ್ಕಿಂತ ಹೆಚ್ಚಿನದು ಕಾದಿತ್ತು. ಮರಿಮಲ್ಲಪ್ಪ ರುಮಾಲು ತೆಗೆದು ಕೈಯಲ್ಲಿ ಹಿಡಿದು, ಬೋಳು ತಲೆಯಲ್ಲಿ ನಂಜುಂಡಪ್ಪನವರ ಮುಂದೆ ನಿಂತಿದ್ದ. ಆ ರುಮಾಲನ್ನು ಮನೆಯ ಹೊರಗೆ ತೆಗೆದದ್ದನ್ನು ಊರು ಕಂಡಿರಲಿಲ್ಲ. ನಮ್ಮ ಮನೆಯ ಅಳಿಯ ತಪ್ಪು ಮಾಡಿದ್ದಾನೆ, ಹೊಟ್ಟೆಗೆ ಹಾಕಿಕೊಳ್ಳಬೇಕು ಎಂದು ಕೈಮುಗಿದ. ನಂಜುಂಡಪ್ಪನವರು ಒದ್ದೆ ಪಂಚೆಯ ತುದಿ ಹಿಂಡಿಕೊಂಡರು.

"ಹಿಡ್ಯದ್ರಲ್ಲಿ ಇವ್ರು ಗಟ್ಟಿಗ್ರು. ಯಾರಾರ ಬುಡು ಅನ್ನೋಗಂಟ ಬುಡಕಿಲ್ಲ. ಬಸ್‌ಸ್ಟಾಂಡಲ್ಲೇ ನಾನು ಆ ಸುಳ್ಳ ಬುಡಪ್ಪ ಅನ್ಬೋದಿತ್ತು. ನಂಗೂ ಕ್ವಾಪ ಬತ್ತು, ಸುಮ್ಕಾದೆ. ಸೋತಿದ್ರಲ್ಲಿ ನಂದೂ ಪಾಲೈತೆ."

ಇಷ್ಟು ಹೇಳಿ ಕೋಟು ತೊಟ್ಟುಕೊಂಡರು. ಬಯ್ದಿದ್ದರೆ ಗುರುಪಾದಸ್ವಾಮಿ ಎರಡು ದಿನದಲ್ಲಿ ಮರೆಯುತ್ತಿದ್ದ. ಮಾವನ ಮನೆಯ ಊಟಕ್ಕೆ ನಂಜುಂಡಪ್ಪನವರು ಬಂದರು, ಇವನು ಬರಲಿಲ್ಲ. ಬಸ್ ಸ್ಟಾಂಡಿನ ಕಟ್ಟೆಯ ಮೇಲೆ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಕೂತ. ಉಪವಾಸ ಮುಗಿಸಿದ ಅತ್ತೆ ಒಂದು ಡಬ್ಬಿಯಲ್ಲಿ ಅನ್ನ ಕಲಸಿ ಕಳಿಸಿದಳು. ನೀರಿಗೆ ಬೀಳಲಿಲ್ಲವಲ್ಲ, ನನಗೆ ಅಷ್ಟೇ ಸಾಕು ಎಂದು ಹೇಳಿ ಕಳಿಸಿದ್ದಳು.

ಸಂಜೆಯ ಬಸ್ಸಿಗೆ ಇಬ್ಬರೂ ಊರಿಗೆ ಮರಳಿದರು. ಶಿವರುದ್ರಮ್ಮ ಹತ್ತು ದಿನ ತವರಿನಲ್ಲೇ ಉಳಿದಳು. ಬಂದ ಮೇಲೆ, ಅಪ್ಪಯ್ಯ ಸಂತೆಗೆ ಹೋಗುವುದನ್ನು ಬಿಟ್ಟಿದ್ದಾನೆ ಎಂದಷ್ಟೇ ಹೇಳಿದಳು. ಗುಂಡ್ಲುಪೇಟೆಯಲ್ಲಿ ಅವನಿಗೆ ಬಾಲದಳಿಯ ಎಂದು ಹೆಸರಾಗಿದೆಯೆಂದು ಮಕ್ಕಳು ಹೇಳಿದವು. ಎರಡು ಭಾನುವಾರ ಗುರುಪಾದಸ್ವಾಮಿ ಮನೆಯಿಂದ ಹೊರಗೆ ಕಾಲಿಡಲಿಲ್ಲ. ಮೂರನೆಯ ಭಾನುವಾರ ಮನಸ್ಸು ತಡೆಯದೆ ಕೆರೆಯ ಕಡೆ ಹೋದ. ನಂಜುಂಡಪ್ಪನವರು ಒಬ್ಬರೇ ನೀರಿನಲ್ಲಿ ನಿಂತು, ದೋಣಿಯನ್ನು ಮೊಣಕಾಲುಗಳ ನಡುವೆ ಇರುಕಿಕೊಂಡು ದಾರ ಸುತ್ತಲು ಹೆಣಗುತ್ತಿದ್ದರು. ಅವನನ್ನು ನೋಡಿ ಕಾಲುಗಳನ್ನು ಸಡಿಲಿಸಿದರು. ಅವನು ಚಪ್ಪಲಿ ಕಳಚಿ ನೀರಿಗಿಳಿದ. ದೊರೆ ಮಾರ್ಚಿನಲ್ಲಿ ಹಡಗು ಹತ್ತಿದನೆಂದು ಆಮೇಲೆ ತಿಳಿಯಿತು. ಇನ್ನು ಅವರ ದೋಣಿಗೆ ಎದುರಾಳಿ ಎನ್ನುವವರು ಇರಲಿಲ್ಲ. ಆದರೂ ವಾರವಾರ ಓಡಿಸಿದರು.

ಯುಗಾದಿ ಕಳೆದ ಮೇಲೆ ಒಂದು ಭಾನುವಾರ ಅರಿಸಿನ ಮಾರಲು ಮರಿಮಲ್ಲಪ್ಪ ಚಾಮರಾಜನಗರಕ್ಕೆ ಬಂದ. ಮಗಳ ಮನೆಗೆ ಬರುವ ಮೊದಲು, ಯಾರಿಗೂ ಹೇಳದೆ, ಛತ್ರಿ ಬಿಚ್ಚಿಕೊಂಡು ಕೆರೆಯ ಏರಿಯ ಮೇಲೆ ಹೋಗಿ ಕೂತ. ಗುರುಪಾದಸ್ವಾಮಿ ಬಗ್ಗಿ ದೋಣಿ ಹಿಡಿದಿದ್ದವನು ಛತ್ರಿಯ ನೆರಳನ್ನು ಕಂಡ, ರುಮಾಲನ್ನು ಕಂಡ, ಕಿವಿಯವರೆಗೆ ಬಿಸಿಯಾದ. ಓಡಿಹೋಗುವ ಹಾಗಿಲ್ಲ, ತಲೆ ಎತ್ತುವ ಹಾಗಿಲ್ಲ, ಕೈಯಲ್ಲಿ ಇಂಜಿನ್ ಅರಚುತ್ತಿದೆ. ಮೂರು ಗಂಟೆ ಹೊತ್ತು ಮಾವ ಅಲ್ಲೇ ಕೂತು, ಅಳಿಯ ಹಿಡಿಯುವುದನ್ನೂ ಬಿಡುವುದನ್ನೂ ಎದೆಯುದ್ದ ನೀರಿಗೆ ಹೋಗಿ ತರುವುದನ್ನೂ ಒಂದೂ ಬಿಡದೆ ನೋಡಿದ. ಆಮೇಲೆ ಎದ್ದು ಮಗಳ ಮನೆಗೆ ಹೋಗಿ ಕೈಕಾಲು ತೊಳೆದುಕೊಂಡು ಊಟಕ್ಕೆ ಕೂತ. ಹಿಂದೆಯೇ ಒದ್ದೆ ಪಂಚೆಯಲ್ಲಿ ಬಂದ ಗುರುಪಾದಸ್ವಾಮಿ ಒಳಗೆ ಬರಲು ಮುಖವಿಲ್ಲದೆ ಬಾಗಿಲ ಹೊರಗೇ ನಿಂತ. ಒಳಗೆ ಮಾವ ಮಗಳಿಗೆ ತಗ್ಗಿದ ದನಿಯಲ್ಲಿ ಹೇಳುತ್ತಿದ್ದುದು ಅವನ ಕಿವಿಗೆ ಬಿತ್ತು.

"ನಿನ್ ಗಂಡ ಒಂದ್ ಕೆಲ್ಸಾವ ನೆಟ್ಗೆ ಮಾಡ್ತನೆ ಕಣಮ್ಮಿ. ಇವತ್ ನಾನೇ ಕಣ್ಣಾರ ಕಂಡೆ. ಆದ್ರೆ ಊರಲ್ಲಿ ಯಾರ್ಗೂ ಏಳಕ್ ಓಗ್ಬ್ಯಾಡ."